ಕ್ರೇನಜ್ಜ ಬುರುಡೆ ನಿಲ್ಲಿಸಿದ್ದು

ಕ್ರೇನಜ್ಜನ ಮಾತು ನಂಬುವುದಾದರೆ, ಅವನು ಒಂದು ಸಲ ಚಂದ್ರನನ್ನೇ ನೀರಿನಿಂದ ಮೇಲಕ್ಕೆತ್ತಿದ್ದ. ಬಂದರಿನಲ್ಲಿ ಕ್ರೇನಿನ ಕೊಕ್ಕೆ ಇಳಿಬಿಟ್ಟು ಕೂತಿದ್ದನಂತೆ. ಕೆಳಗೆ ತೇಲುತ್ತಿದ್ದ ಚಂದ್ರ ಅದಕ್ಕೆ ಸಿಕ್ಕಿಕೊಂಡನಂತೆ. ಎಳೆದರೆ ಭಾರಕ್ಕೆ ಕ್ರೇನು ಹೆರಿಗೆ ನೋವು ತಿನ್ನುವವಳ ಹಾಗೆ ನರಳಿತಂತೆ. ಅರ್ಧ ಎತ್ತುವಷ್ಟರಲ್ಲಿ ಮ್ಯಾನೇಜರು ಓಡಿಬಂದು, "ಚೀಟಿ ಇಲ್ದೆ ಸರಕು ಎತ್ತಬೇಡ ಅಂತ ಎಷ್ಟು ಸಲ ಹೇಳೋದು!" ಎಂದು ಕೂಗಿದ್ದಕ್ಕೆ ಪಾಪ, ವಾಪಸು ಇಳಿಸಿಬಿಟ್ಟನಂತೆ.

"ಅದಕ್ಕೇ ನೋಡ್ರಪ್ಪಾ, ಚಂದ್ರನ ಮೇಲೆ ಕಪ್ಪು ಕಲೆ ಇರೋದು. ಗ್ರೀಸು!" ಎಂದು ಅಜ್ಜ ಮುಗಿಸುತ್ತಿದ್ದ. ಮುಗಿಸಿ, ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದ, ಇನ್ನೂ ಸ್ವಲ್ಪ ಅಂಟಿದೆಯೇನೋ ಎಂಬಂತೆ.

ಅದೇ ಮ್ಯಾನೇಜರನ್ನು ಇನ್ನೊಂದು ಸಲ ಬೆಲ್ಟಿಗೆ ಕೊಕ್ಕೆ ಸಿಕ್ಕಿ ಆಕಾಶಕ್ಕೆತ್ತಿದ್ದೂ ಉಂಟು. ಅಷ್ಟೆತ್ತರದಿಂದ ಅವನಿಗೆ ತನ್ನ ಮನೆಯ ಅಡಿಗೆಮನೆ ಕಂಡು, "ಅಯ್ಯೋ, ಒಲೆ ಆರಿಸಿಲ್ಲ!" ಎಂದು ಗಾಳಿಯಲ್ಲೇ ರಜೆ ಹಾಕಿ, ಇಳಿದ ತಕ್ಷಣ ಓಡಿಹೋದನಂತೆ. ಅಜ್ಜ ಹಿಡಿದ ಮೀನಿನ ವಿಷಯವಂತೂ ಕೇಳಲೇಬೇಡಿ. ಅದು ಸೋಮವಾರ ದೋಣಿಯಷ್ಟಿದ್ದರೆ ಗುರುವಾರದ ಹೊತ್ತಿಗೆ ಹಡಗಿನಷ್ಟಾಗಿರುತ್ತಿತ್ತು.

ಇಂಥ ಬುರುಡೆಯನ್ನು ಬೇರೆ ಯಾವ ಊರಿನ ಯಾವ ಚಹಾದಂಗಡಿಯಲ್ಲಿ ಬಿಟ್ಟಿದ್ದರೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕು, ಇನ್ನೊಂದು ಲೋಟ ಚಹಾ ಕೊಡಿಸಿ ಕಳಿಸುತ್ತಿದ್ದರು. ಆದರೆ ಅಜ್ಜ ಕೂತಿದ್ದ ಜಾಗ ಅಂಥದ್ದಲ್ಲ. ಅದು ಮನೋರೋಗದ ಆಸ್ಪತ್ರೆಯ ಬೀಗದ ವಾರ್ಡು. ಬೇನೆಯ ಭರದಲ್ಲಿ ಯಾರಿಗೋ ಕೇಡು ಮಾಡಿದವರನ್ನು, "ಇವನಿಗೆ ಜೈಲು ಬೇಡ, ಚಿಕಿತ್ಸೆ ಕೊಡಿ" ಎಂದು ನ್ಯಾಯಾಲಯ ಕಳಿಸುವ ಜಾಗ. ಅಲ್ಲಿ ಒಂದು ಬಾಗಿಲು ಮುಚ್ಚಿಕೊಂಡ ಮೇಲೆಯೇ ಇನ್ನೊಂದು ತೆರೆದುಕೊಳ್ಳುತ್ತದೆ. ಚಮಚಗಳೆಲ್ಲ ಪ್ಲಾಸ್ಟಿಕ್ಕಿನವು. ಯಾರೂ ಎತ್ತಿ ಎಸೆಯದಿರಲಿ ಎಂದು ಕುರ್ಚಿಗಳ ಹೊಟ್ಟೆಯೊಳಗೆ ಮರಳು ತುಂಬಿರುತ್ತಾರೆ. ಬಂದ ಮೊದಲ ದಿನವೇ ಅಜ್ಜ ಒಂದು ಕುರ್ಚಿ ಎಳೆಯಲು ಹೋಗಿ, ಆಗದೆ, "ಓಹೋ, ಇದಕ್ಕೇನಾ ಕ್ರೇನ್ ಡ್ರೈವರನ್ನ ಕರೆಸಿದ್ದು?" ಎಂದಿದ್ದ. ಆವತ್ತಿನಿಂದ ಅವನು ಎಲ್ಲರಿಗೂ ಕ್ರೇನಜ್ಜ.

ಇಂಥ ಜಾಗದಲ್ಲಿ ಚಂದ್ರನನ್ನು ಎತ್ತಿದೆ ಎಂದರೆ ಏನಾಗುತ್ತದೆ ಹೇಳಿ? ಬರೆದುಕೊಳ್ಳುತ್ತಾರೆ! ಹೊಸದಾಗಿ ಬಂದಿದ್ದ ಡಾಕ್ಟರು ಒಳ್ಳೆಯ ಹುಡುಗ, ಶ್ರದ್ಧೆಯವನು, ರೋಗಿ ಸೀನಿದರೂ ಕಿವಿಗೊಟ್ಟು ಕೇಳುವವನು. ಅವನು ಅಜ್ಜನ ಕಡತದಲ್ಲಿ ಬರೆದಿದ್ದ: 'ತನ್ನಲ್ಲಿ ಅತಿಮಾನುಷ ಶಕ್ತಿ ಇದೆಯೆಂಬ ಭ್ರಮೆ ಮುಂದುವರಿದಿದೆ. ಚಂದ್ರನನ್ನು ಎತ್ತಿದ್ದಾಗಿ ಹೇಳುತ್ತಾರೆ.' ಮೀನಿಗೂ ಅಲ್ಲೊಂದು ಸಾಲು ಸಿಕ್ಕಿತ್ತು. ಮ್ಯಾನೇಜರು ಮಾತ್ರ ಅಲ್ಲಿಯೂ ತಪ್ಪಿಸಿಕೊಂಡಿದ್ದ.

ಆರು ತಿಂಗಳಿಗೊಮ್ಮೆ ಒಂದು ಸಮಿತಿ ಕೂರುತ್ತದೆ. ಯಾರನ್ನು ಗೇಟಿನ ಹೊರಗಿನ ಮನೆಗೆ ಕಳಿಸಬಹುದು ಎಂದು ತೀರ್ಮಾನಿಸುವುದು ಅದರ ಕೆಲಸ. ಹೊರಗಿನ ಮನೆ ಎಂದರೆ ಮಾಮೂಲಿ ಬೀದಿಯಲ್ಲಿ ಮಾಮೂಲಿ ಮನೆ. ಒಬ್ಬ ನರ್ಸು, ಒಬ್ಬ ಅಡುಗೆಯವಳು, ತನ್ನದೇ ಕೋಣೆ, ಆ ಕೋಣೆಗೆ ಒಳಗಿನಿಂದ ಚಿಲಕ. ಆ ಒಳಗಿನ ಚಿಲಕಕ್ಕಾಗಿ ಅಜ್ಜ ವರ್ಷಗಳಿಂದ ಹಂಬಲಿಸುತ್ತಿದ್ದ. ಅಲ್ಲಿ ಸೇರಿದವರು ಭಾನುವಾರ ಮನೆಯವರ ಜೊತೆ ಕಳೆಯಬಹುದು. ಅಜ್ಜನಿಗೆ ಮನೆಯವರು ಎಂದರೆ ಮಗಳೊಬ್ಬಳೇ, ಸಿಟಿ ಬಸ್ಸು ಓಡಿಸುವವಳು. ಕಳೆದ ಸಲ ಸಮಿತಿ ಕಡತ ತಿರುವಿ, ಚಂದ್ರನ ಹತ್ತಿರ ಬಂದು ನಿಂತಿತು. 'ಇನ್ನೂ ಕಾಲ ಬಂದಿಲ್ಲ' ಎಂದಿತು.

ಸುದ್ದಿ ತಿಳಿದ ಭಾನುವಾರ ಮಗಳು ಯೂನಿಫಾರ್ಮಿನಲ್ಲೇ ಬಂದಳು. ಭೇಟಿಯ ಕೋಣೆಯ ಮೇಜಿನ ಮೇಲೆ ಕೈ ಬಡಿದಳು.

"ಅಪ್ಪಾ, ಆ ಚಂದ್ರನ್ನ ಎತ್ತದಿದ್ರೆ ನಿಂಗೆ ಅನ್ನ ಇಳಿಯಲ್ವಾ?"

"ಬುರುಡೆ ಕಣೇ ಅದು. ಚಿಕ್ಕವಳಿದ್ದಾಗ ಬಿದ್ದು ಬಿದ್ದು ನಗ್ತಿದ್ದೆ."

"ನಂಗೊತ್ತು ಬುರುಡೆ ಅಂತ. ಅವರಿಗೇನು ಗೊತ್ತು? ಮುಂದಿನ ಸಮಿತಿವರೆಗೂ ಬಾಯಿಗೆ ಬೀಗ ಹಾಕ್ಕೋ. ಕೇಳಿದ್ದಕ್ಕೆ ಹೂಂ, ಉಹೂಂ. ಅಷ್ಟೇ. ಶಬ್ದಗಿಬ್ದ ಕೇಳ್ಸುತ್ತಾ ಅಂದ್ರೆ ಇಲ್ಲ ಅನ್ನು. ನನ್ನಾಣೆ."

ಮಗಳ ಆಣೆ ಎಂದ ಮೇಲೆ ಮುಗಿಯಿತು. ಅಜ್ಜ ಬುರುಡೆ ನಿಲ್ಲಿಸಿದ.

ಬೀಡಿ ಬಿಟ್ಟವರನ್ನು, ಕುಡಿತ ಬಿಟ್ಟವರನ್ನು ನೀವು ನೋಡಿರಬಹುದು. ಬುರುಡೆ ಬಿಟ್ಟವನ ಪಾಡು ಅದಕ್ಕಿಂತ ಕಷ್ಟ. ತಿಂಡಿಯ ಹೊತ್ತಿಗೆ ರೊಟ್ಟಿ ಗಟ್ಟಿಯಾಗಿದ್ದರೆ, ಅದರಿಂದ ಹಡಗಿನ ತೂತು ಮುಚ್ಚಿದ ಕತೆ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಅಜ್ಜ ಅದನ್ನು ಚಹಾದ ಜೊತೆ ನುಂಗುತ್ತಿದ್ದ. ದಿನಕ್ಕೆ ಹತ್ತು ಕತೆ ನುಂಗಿದರೆ ಮನುಷ್ಯನಿಗೆ ಅಜೀರ್ಣವಾಗದೆ ಇರುತ್ತದೆಯೇ? ಮೆಲ್ಲಗೆ ಅವನು ಕಿಟಕಿಯ ಪಕ್ಕ ಕೂರತೊಡಗಿದ. ಗಡ್ಡ ಬೋಳಿಸುವುದನ್ನು ಮರೆತ. ಕರೆದರೆ ತಿರುಗಿ ನೋಡುವುದಕ್ಕೂ ಒಂದು ಗಳಿಗೆ ಹಿಡಿಯುತ್ತಿತ್ತು.

ಇದನ್ನೂ ಡಾಕ್ಟರು ಗಮನಿಸಿದ. ಗಮನಿಸದೆ ಇರುವವನಲ್ಲವಲ್ಲ! 'ಮಾತು ಕಡಿಮೆಯಾಗಿದೆ, ಮುಖದಲ್ಲಿ ಭಾವವಿಲ್ಲ, ಒಂಟಿಯಾಗಿ ಕೂರುತ್ತಾರೆ' ಎಂದು ಬರೆದ. ಅಜ್ಜನಿಗಿದ್ದ ಸ್ಕಿಜೋಫ್ರೇನಿಯಾ ಎಂಬ ಬೇನೆ ಹೀಗೂ ಮುಖ ತೋರಿಸುವುದುಂಟು, ಆದ್ದರಿಂದ ಅವನು ಬರೆದದ್ದು ಪುಸ್ತಕದ ಪ್ರಕಾರ ಸರಿಯೇ. ಗುಳಿಗೆ ಅರ್ಧ ಹೆಚ್ಚಾಯಿತು. ಅರ್ಧ ಗುಳಿಗೆ ಹೆಚ್ಚಾದ ಮೇಲೆ ಅಜ್ಜ ಕೂತಲ್ಲೇ ತೂಕಡಿಸತೊಡಗಿದ.

ಆಮೇಲೊಂದು ಭಾನುವಾರ ಮಗಳು ಅವನ ಮುಖ ನೋಡಿ ಹೌಹಾರಿದಳು. "ಅಯ್ಯೋ ಅಪ್ಪಾ! ಬುರುಡೆ ನಿಲ್ಸು ಅಂದ್ರೆ ಬದುಕೋದನ್ನೇ ನಿಲ್ಸ್‌ಬಿಟ್ಟಿದೀಯಲ್ಲ!"

"ಹೂಂ," ಎಂದ ಅಜ್ಜ. ಆಣೆ ಆಣೆಯೇ.

ಇನ್ನು ಬುಧವಾರದ ಗುಂಪಿನ ವಿಷಯ. ವಾರ್ಡಿನ ಕೊನೆಯ ಕೋಣೆಯಲ್ಲಿ ಎಂಟು ಮರಳು ಕುರ್ಚಿಗಳು ವೃತ್ತಾಕಾರವಾಗಿ ಇದ್ದವು. ಭಾರಕ್ಕೆ ಯಾರೂ ಕದಲಿಸುತ್ತಿರಲಿಲ್ಲ, ಹಾಗಾಗಿ ವೃತ್ತ ವಾರವಿಡೀ ವೃತ್ತವಾಗಿಯೇ ಇರುತ್ತಿತ್ತು. ಅಲ್ಲಿ ವಾರಕ್ಕೊಮ್ಮೆ ರೋಗಿಗಳು ಕೂತು, ತಮ್ಮ ಬೇನೆ, ತಾವು ಮಾಡಿದ್ದು, ಮುಂದೆ ಬದುಕುವ ಬಗೆ, ಎಲ್ಲದರ ಬಗ್ಗೆ ಮಾತಾಡಬೇಕು. ನಡೆಸುವವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಅಜ್ಜನೂ. ಅವಳ ಬಲಕ್ಕೆ ಯಾವಾಗಲೂ ಮೇಷ್ಟ್ರು ಕೂರುತ್ತಿದ್ದರು. ಹಿಂದೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಅವರ ಕಿವಿಯಲ್ಲಿ ಒಂದು ದನಿ ವರ್ಷಗಟ್ಟಲೆ ಅವರನ್ನು ಬಯ್ಯುತ್ತಲೇ ಬಂದಿತ್ತು. ಎದುರಿಗೆ ಜಿಪುಣ. ಅವನು ದುಡ್ಡಿನಲ್ಲಿ ಜಿಪುಣನಲ್ಲ, ಮಾತಿನಲ್ಲಿ. ಒಂದು ಬುಧವಾರ ಎರಡು ಪದ ಖರ್ಚು ಮಾಡಿದರೆ ಮುಂದಿನ ಎರಡು ಬುಧವಾರ ಉಳಿತಾಯ ಮಾಡುತ್ತಿದ್ದ.

ಈ ಗುಂಪು ಹೇಗೆ ನಡೆಯುತ್ತಿತ್ತೆಂದರೆ, ಮೊದಲು ಅಜ್ಜ ಒಂದು ಬುರುಡೆ ಬಿಡುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಕ್ಕು ಸಡಿಲವಾದ ಬಾಯಿಂದ ಆಮೇಲೆ ನಿಜ ಹೊರಗೆ ಬರುತ್ತಿತ್ತು. ಅಜ್ಜ ಸುಮ್ಮನಾದ ಮೇಲೆ ಆರು ಮಂದಿ ನೆಲ ನೋಡುವುದು, ಅಕ್ಕ ಅವರನ್ನು ನೋಡುವುದು, ಇಷ್ಟೇ ಆಯಿತು.

ಮೂರನೆಯ ವಾರ ಜಿಪುಣ ಬಾಯಿ ತೆಗೆದ.

"ಅಜ್ಜ ಮಾತು ಬಿಟ್ಟ ಮೇಲೆ ದಿನ ಉದ್ದ ಆಗಿದೆ," ಎಂದ.

ಅಕ್ಕನಿಗೆ ಅಷ್ಟು ಸಾಕಾಯಿತು. ಮುಂದಿನ ಬುಧವಾರ ಅವಳು ಡಾಕ್ಟರನ್ನೂ ಕರೆತಂದು ಖಾಲಿಯಿದ್ದ ಮರಳು ಕುರ್ಚಿಯಲ್ಲಿ ಕೂರಿಸಿದಳು.

"ಇವತ್ತು ನಂಗೊಂದು ಪ್ರಶ್ನೆ ಇದೆ," ಎಂದಳು. "ಒಬ್ಬರು ಇಲ್ಲದ್ದನ್ನ ಇದೆ ಅಂತಾರೆ. ಅದು ತಮಾಷೆನೋ, ಕಾಯಿಲೆನೋ, ಹೇಗೆ ಗೊತ್ತಾಗುತ್ತೆ? ನಂಗೂ ಒಂದೊಂದು ಸಲ ಗೊತ್ತಾಗಲ್ಲ. ನೀವೆಲ್ಲ ಹೇಳಿ."

ಅಜ್ಜ ಕಣ್ಣು ಮುಚ್ಚಿಕೊಂಡೇ ಇದ್ದ. ಮೇಷ್ಟ್ರು ಕೆಮ್ಮಿ, ಎದುರಿಗೆ ಕಪ್ಪು ಹಲಗೆ ಇದೆಯೇನೋ ಎಂಬಂತೆ ಕೈ ಎತ್ತಿದರು.

"ಅಕ್ಕಾ, ಇವನ ಮೀನಿದೆಯಲ್ಲ. ಹೋದ ವರ್ಷ ಅದು ಲಾರಿಯಷ್ಟಿತ್ತು. ಆಮೇಲೆ ದೋಣಿಯಷ್ಟಾಯ್ತು. ಒಂದಿನ ಅದರ ಹೊಟ್ಟೇಲಿ ಇಬ್ಬರು ಇಸ್ಪೀಟ್ ಆಡ್ತಿದ್ರು ಅಂದ. ನಾವು ನಗದೇ ಇದ್ರೆ ಮೂರನೆಯವನನ್ನ ಸೇರಿಸ್ತಾನೆ. ಹೌದೋ ಅಲ್ವೋ?"

"ನಾಲ್ಕನೇವನೂ ಬಂದಿದ್ದ," ಎಂದ ಜಿಪುಣ.

"ಕೇಳಿದ್ರಾ? ಇನ್ನು ನನ್ನ ಕಿವಿಯವನು. ಎಷ್ಟು ವರ್ಷ ಆಯ್ತು, 'ನೀನು ದಂಡ, ನೀನು ದಂಡ' ಅನ್ನೋದು ಬಿಟ್ಟು ಒಂದು ಹೊಸ ಬೈಗುಳ ಕಲಿತಿಲ್ಲ ಆ ಬಡ್ಡಿಮಗ. ನಾನು ನಕ್ರೂ ಅದೇ, ಅತ್ರೂ ಅದೇ. ಬುರುಡೆ ಬೆಳೆಯುತ್ತೆ ಅಕ್ಕಾ, ಎದುರಿಗಿರೋರ ಮುಖ ನೋಡಿ ಬೆಳೆಯುತ್ತೆ. ಕಾಯಿಲೆಗೆ ಎದುರಿಗೆ ಯಾರಿದಾರೆ ಅನ್ನೋ ಖಬರೇ ಇರಲ್ಲ."

ಡಾಕ್ಟರು ಮೊದಲು ನಗುವುದೋ ಬೇಡವೋ ಎಂದು ನೋಡಿದ. ಆಮೇಲೆ ನಕ್ಕುಬಿಟ್ಟ. "ನಾನು ಮೀನನ್ನ ಒಂದೇ ಸಲ ಕೇಳಿದ್ದು," ಎಂದ ಮೆಲ್ಲಗೆ. "ಎರಡನೇ ಸಲ ಕೇಳಬೇಕಿತ್ತು."

ಎಲ್ಲರೂ ನಕ್ಕರು. ಅಜ್ಜನ ಮುಖದಲ್ಲೂ ಏನೋ ಅಲುಗಾಡಿತು. ಇಲ್ಲಿಗೇ ಮುಗಿದಿದ್ದರೆ ಎಲ್ಲರಿಗೂ ಸುಖವಾಗಿತ್ತು. ಆದರೆ ಮೇಷ್ಟ್ರಿಗೆ ಲೆಕ್ಕ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ಅವರು ಅಜ್ಜನ ಕಡೆಗೆ ತಿರುಗಿದರು.

"ಆದ್ರೆ ಅಜ್ಜಾ, ನಿಂದೂ ಒಂದಿದೆ ಕಣಯ್ಯಾ, ಬೆಳೆಯದೇ ಇರೋದು."

"ಯಾವುದು?" ಎಂದ ಅಜ್ಜ. ಆಣೆಯ ನಂತರ ಹೂಂ-ಉಹೂಂ ಬಿಟ್ಟು ಅದೇ ಮೊದಲ ಮಾತು.

"'ಆವತ್ತು ಒಂದು ಘಟನೆ ನಡೀತು, ಒಬ್ಬರಿಗೆ ಪೆಟ್ಟಾಯ್ತು.' ಅಕ್ಕ ಯಾವಾಗ ಕೇಳಿದ್ರೂ ಅದೇ. ಒಂದಕ್ಷರ ಆಚೆ ಇಲ್ಲ, ಈಚೆ ಇಲ್ಲ."

ಆ ವಾಕ್ಯ ಅಜ್ಜನದಲ್ಲ. ಮೊಕದ್ದಮೆಯ ಹೊತ್ತಿಗೆ ವಕೀಲ ಹೇಳಿಕೊಟ್ಟದ್ದು, ಅಜ್ಜ ಅದನ್ನೇ ಹಾಳೆಯಲ್ಲಿ ಸುತ್ತಿದ ಪಾತ್ರೆಯಂತೆ ಅಲ್ಲಿಂದ ಇಲ್ಲಿಗೆ ಹೊತ್ತು ತಂದಿದ್ದ. ಒಮ್ಮೆಯೂ ಬಿಚ್ಚಿರಲಿಲ್ಲ. ಅವನ ಕತೆಗಳಲ್ಲಿ ಮ್ಯಾನೇಜರಿದ್ದ, ಹಡಗಿನ ನಾಯಕನಿದ್ದ, ಮೀನಿನ ಹೊಟ್ಟೆಯಲ್ಲಿ ನಾಲ್ಕು ಜನರಿದ್ದರು. ಬಂದರಿನ ಗೇಟಿನ ವಾಚ್‌ಮನ್ ಮಾತ್ರ ಯಾವ ಕತೆಯೊಳಗೂ ಕಾಲಿಟ್ಟಿರಲಿಲ್ಲ.

"ಇವತ್ತೇ ಹೇಳಬೇಕು ಅಂತೇನಿಲ್ಲ ಅಜ್ಜಾ," ಎಂದಳು ಅಕ್ಕ.

ಅಜ್ಜ ಎದ್ದು ನಿಂತ. ಕತೆ ಹೇಳುವಾಗ ಅವನು ಯಾವಾಗಲೂ ಎದ್ದು ನಿಲ್ಲುವವನೇ.

"ಕ್ಯಾಬಿನ್ನಲ್ಲಿ ಕೂತಿರ್ತಿದ್ದೆ," ಎಂದು ಶುರುಮಾಡಿದ. "ಮೇಲೆ ಒಬ್ಬನೇ. ಕೆಳಗೆ ಸಾಲಾಗಿ ಕಬ್ಬಿಣದ ಪೆಟ್ಟಿಗೆಗಳು, ಮನೆಯಷ್ಟು ದೊಡ್ಡವು. ಅವುಗಳ ಒಳಗಿಂದ ಜನ ಕೂಗೋಕೆ ಶುರುಮಾಡಿದ್ರು. 'ತೆಗೀರಿ, ಉಸಿರು ಕಟ್ತಿದೆ' ಅಂತ. ಒಂದು ತಿಂಗಳು ಕೇಳಿಸ್ಕೊಂಡೆ. ಯಾರಿಗೂ ಹೇಳ್ಲಿಲ್ಲ. ಕ್ರೇನಿಂದ ಇಳಿಸಿಬಿಟ್ರೆ ಅಂತ ಭಯ. ಒಂದಿನ ತಡೆಯೋಕಾಗ್ಲಿಲ್ಲ, ಇಳಿದು ಹೋಗಿ ಸರಳು ಹಾಕಿ ಬೀಗ ಮೀಟಿದೆ. ವಾಚ್‌ಮನ್ ಓಡಿಬಂದ. ದಿನಾ ಜೊತೇಲಿ ಚಹಾ ಕುಡೀತಿದ್ವಿ ನಾವು. ಸಕ್ಕರೆ ಜಾಸ್ತಿ ಅವನಿಗೆ. 'ಬೇಡ ಕಣೋ, ಕೆಲಸ ಹೋಗುತ್ತೆ ನಿಂದು' ಅಂತ ನನ್ನ ತೋಳು ಹಿಡ್ಕೊಂಡ. ನಂಗೆ ಅನ್ನಿಸ್ತು, ಇವನೇ ಅವರನ್ನ ಒಳಗೆ ಹಾಕಿರೋದು. ಆ ಸರಳು..."

ಸರಳೆಷ್ಟು ದೊಡ್ಡದೆಂದು ತೋರಿಸಲು ಅವನ ಎರಡೂ ಕೈಗಳು ತಮ್ಮ ಪಾಡಿಗೆ ತಾವು ಅಗಲವಾದವು. ಮೀನು ತೋರಿಸಿ ರೂಢಿಯಾದ ಕೈಗಳು, ಪೂರಾ ಚಾಚಿಕೊಂಡವು. ಅಜ್ಜ ಅವುಗಳನ್ನೇ ನೋಡಿದ. ಆಮೇಲೆ ಒಂದು ಕೈಯನ್ನು ಒಳಕ್ಕೆ ತಂದ, ಇನ್ನೊಂದನ್ನೂ ತಂದ. ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಅಂತರ ಉಳಿಯಿತು.

"ಇಷ್ಟೇ ಇತ್ತು," ಎಂದ.

ಕೈಗಳನ್ನು ಕೆಳಗೆ ಬಿಟ್ಟ.

"ಅವನ ಭುಜದ ಮೂಳೆ ಪುಡಿಯಾಯ್ತು. ಬಲಗೈ ಈಗ್ಲೂ ಕಿವಿಗಿಂತ ಮೇಲೆ ಹೋಗಲ್ವಂತೆ, ತಲೆ ಬಾಚೋಕೆ ಹೆಂಡತಿ ಬರಬೇಕಂತೆ. ಮಗಳು ಹೇಳಿದ್ಲು. ಪೆಟ್ಟಾಯ್ತು ಅಲ್ಲ, ನಾನು ಹೊಡೆದೆ. ಬೀಗ ಒಡೆದು ನೋಡಿದಾಗ ಒಳಗೆ ಇದ್ದದ್ದು ಬರೀ ಪ್ಲಾಸ್ಟಿಕ್ ಬಕೆಟ್ಟು. ಕೆಂಪು, ನೀಲಿ."

ಕೂತುಕೊಂಡ. ಜಿಪುಣ ಪಕ್ಕದಲ್ಲಿದ್ದ ನೀರಿನ ಲೋಟವನ್ನು ಅವನ ಕಡೆ ಸರಿಸಿದ. ಅಕ್ಕ ಒಂದೇ ಒಂದು ಕೇಳಿದಳು: "ಈಗಲೂ ಕೇಳಿಸುತ್ತಾ?"

ಮಗಳ ಆಣೆ ಅಡ್ಡ ಬಂದಿರಬೇಕು, ಅಜ್ಜ ಲೋಟ ಖಾಲಿಯಾಗುವವರೆಗೂ ಕುಡಿದ. "ಒಂದೊಂದ್ಸಲ," ಎಂದ. "ಬಟ್ಟೆ ಒಗೆಯೋ ಮಷೀನು ಜೋರಾಗಿ ತಿರುಗಿದಾಗ."

"ಹೇಳಬೇಕಿತ್ತು ಕಣಯ್ಯಾ," ಎಂದರು ಮೇಷ್ಟ್ರು. "ಮಷೀನ್ ಹತ್ರ ನಾನೂ ಬರ್ತಿದ್ದೆ. ನಂಗೆ ಕೇಳ್ಸುತ್ತೋ ಇಲ್ವೋ ನೋಡಿ ಹೇಳ್ತಿದ್ದೆ."

ಮಾರನೆಯ ದಿನದಿಂದಲೇ ಅದೊಂದು ಪದ್ಧತಿಯಾಯಿತು. ಮಷೀನು ಗಡಗಡ ಎಂದಾಗ ಅಜ್ಜ ಮೇಷ್ಟ್ರ ಮುಖ ನೋಡುವುದು, ಮೇಷ್ಟ್ರು ಕಿವಿ ನಿಮಿರಿಸಿ, "ನಂಗೆ ಮಷೀನು ಒಂದೇ ಕೇಳ್ತಿದೆ, ಜೊತೆಗೆ ನನ್ನ ಬಡ್ಡಿಮಗ" ಎನ್ನುವುದು. ಹಾಗೆಂದ ಮಾತ್ರಕ್ಕೆ ಕೂಗು ನಿಲ್ಲುತ್ತಿರಲಿಲ್ಲ. ಆದರೆ ಅಜ್ಜ ಕೂತಲ್ಲಿಂದ ಏಳುತ್ತಿರಲಿಲ್ಲ, ಅಷ್ಟು ಸಾಕು. ಹೆಚ್ಚಾಗಿದ್ದ ಅರ್ಧ ಗುಳಿಗೆಯನ್ನು ಡಾಕ್ಟರು ಇಳಿಸಿದ. ಇಳಿಸಿದ ವಾರವೇ ಗಟ್ಟಿ ರೊಟ್ಟಿಯಿಂದ ಹಡಗಿನ ತೂತು ಮುಚ್ಚಿತು.

ಸಮಿತಿಯ ದಿನ ಬಂತು. ಉದ್ದ ಮೇಜಿನ ಆಚೆ ಮೂವರು. ನಡುವೆ ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶರು, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುವವರು. ಈಚೆ ಅಜ್ಜ, ಅಕ್ಕ, ಡಾಕ್ಟರು. ಗೋಡೆಯ ಬದಿಯ ಬೆಂಚಿನ ಮೇಲೆ ಮಗಳು, ಬ್ಯಾಗನ್ನು ಸ್ಟೀರಿಂಗಿನಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು.

"ಚಂದ್ರನನ್ನ ಎತ್ತಿದ್ದು ನಿಜಾನಾ?" ಕೇಳಿದರು ಅಧ್ಯಕ್ಷರು.

"ಸುಳ್ಳು ಸ್ವಾಮೀ. ನಮ್ಮ ಕ್ರೇನಿಗೆ ಅಷ್ಟು ತಾಕತ್ತಿರಲಿಲ್ಲ."

ಅಧ್ಯಕ್ಷರು ಕಡತದಿಂದ ತಲೆ ಎತ್ತಿದರು. ತಾನು ಬುರುಡೆಯನ್ನು ಭ್ರಮೆ ಎಂದು ಬರೆದದ್ದು ತಪ್ಪಾಗಿತ್ತು ಎಂದು ಡಾಕ್ಟರು ಎದ್ದು ಹೇಳಿದ. ಆಮೇಲೆ ಅಧ್ಯಕ್ಷರು ಬಂದರಿನ ದಿನದ ಬಗ್ಗೆ ಕೇಳಿದರು. ಅಜ್ಜ ಹೇಳಿದ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೇಳಿದ. ವಾಚ್‌ಮನ್ನಿನ ಸಕ್ಕರೆಯನ್ನೂ ಬಿಡಲಿಲ್ಲ.

"ಆ ಕೂಗು ಈಗಲೂ ಇದೆಯಾ?"

ಮಗಳು ಬೆಂಚಿನಿಂದ ಅರ್ಧ ಎದ್ದಳು. ಅಜ್ಜ ಅವಳ ಕಡೆ ನೋಡಿದ. ಇಲ್ಲ ಎಂದು ಒಂದು ಪದ ಸಾಕಿತ್ತು. ಜೀವಮಾನವಿಡೀ ಸುಳ್ಳು ಹೇಳಿ ಪಳಗಿದ ಬಾಯಿ, ಒಂದು ಚಿಕ್ಕ ಸುಳ್ಳು ಅದಕ್ಕೆ ಯಾವ ಲೆಕ್ಕ?

"ನಿಂತಿಲ್ಲ ಸ್ವಾಮೀ," ಎಂದ. "ಕಡಿಮೆ ಆಗಿದೆ. ಬಂದಾಗ ಪಕ್ಕದಲ್ಲಿರೋರನ್ನ ಕೇಳ್ತೀನಿ."

ಅಪ್ಪ ಮಗಳನ್ನು ಹೊರಗೆ ಕೂರಿಸಿದರು. ಬಾಗಿಲ ಆಚೆ ಬಹಳ ಹೊತ್ತು ಗುಸುಗುಸು ನಡೆಯಿತು. ಕೊನೆಗೆ ಅಕ್ಕ ಬಂದು ಹೇಳಿದಳು: ಹೊರಗಿನ ಮನೆಗೆ ಕಳಿಸುತ್ತಾರೆ. ಆದರೆ ಪ್ರತಿ ಬುಧವಾರ ಗುಂಪಿಗೆ ಬರಲೇಬೇಕು. ಭಾನುವಾರ ಮಗಳ ಮನೆಗೆ ಹೋಗುವ ವಿಷಯಕ್ಕೆ ಮಗಳೇ ಒಪ್ಪಿ ಸಹಿ ಹಾಕಬೇಕು, ಮೂವರಲ್ಲಿ ಒಬ್ಬರಿಗೆ ಆ ಕೂಗಿನ ಮಾತು ಕೇಳಿ ಗಾಬರಿಯಾಗಿದೆ.

ಅಕ್ಕ ಹೋದ ಮೇಲೆ ಮಗಳು ಸಿಡಿದಳು. "ಇಲ್ಲ ಅನ್ನೋಕೆ ಏನಾಗಿತ್ತು ನಿಂಗೆ? ಇಡೀ ಊರಿಗೆ ಬುರುಡೆ ಬಿಡ್ತೀಯ, ಬೇಕಾದಾಗ ಒಂದು ಬುರುಡೆ ಬರಲಿಲ್ವಾ?"

"ಬಂತು ಕಣೇ, ಬಾಯಿತನಕ ಬಂತು," ಎಂದ ಅಜ್ಜ. "ಆದ್ರೆ ಇಲ್ಲ ಅಂದು ನಿನ್ನ ಮನೆಗೆ ಬಂದು ಕೂತಿರ್ತೀನಿ ಅಂತಿಟ್ಕೋ. ನಿನ್ನ ಮಷೀನು ತಿರುಗುತ್ತೆ. ಕೂಗು ಬರುತ್ತೆ. ಆಗ ನಿಂಗೆ ಹೇಳೋ ಹಾಗಿಲ್ಲ, ಇಲ್ಲ ಅಂದಿದೀನಲ್ಲ! ಆಗ ಮತ್ತೆ ಒಬ್ಬನೇ ಕೇಳಿಸ್ಕೋಬೇಕು. ಆವತ್ತೂ ಒಬ್ಬನೇ ಕೇಳಿಸ್ಕೊಂಡೇ ಅಲ್ವಾ ಹಾಗಾಗಿದ್ದು."

ಮಗಳ ಕೈಯಲ್ಲಿ ಸಹಿಯ ಕಾಗದವಿತ್ತು. ಅವಳು ಅದನ್ನು ಓದುವವಳಂತೆ ಹಿಡಿದಿದ್ದಳು, ಓದುತ್ತಿರಲಿಲ್ಲ. ಇಷ್ಟು ವರ್ಷ ಅವಳು ಹಣ್ಣು ತಂದಿದ್ದಳು, ಸ್ವೆಟರು ತಂದಿದ್ದಳು, ಬೈಗುಳ ತಂದಿದ್ದಳು. ಆ ಕೂಗಿನ ಬಗ್ಗೆ ಮಾತ್ರ ಒಂದು ಸಲವೂ ಕೇಳಿರಲಿಲ್ಲ.

"ಅಪ್ಪಾ," ಎಂದಳು ಕೊನೆಗೆ, "ಬಂದಾಗ... ನಾನೇನ್ ಮಾಡ್ಬೇಕು?"

"ಏನೂ ಇಲ್ಲ. ನಾನು ಕೇಳ್ತೀನಿ, ನಿಂಗೂ ಕೇಳ್ಸುತ್ತಾ ಅಂತ. ನೀನು, ನಂಗೆ ಕೇಳಿಸ್ತಿಲ್ಲ ಅಂದ್ರೆ ಸಾಕು. ಬೈಬೇಡ. ಹೂಂಗುಟ್ಟೋದೂ ಬೇಡ."

"ಅಷ್ಟೇನಾ?"

"ಅಷ್ಟೇ. ಎಲ್ಲಿ, ಒಂದ್ಸಲ ಹೇಳು ನೋಡೋಣ."

ಮಗಳು ಅತ್ತಿತ್ತ ನೋಡಿದಳು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. "ನಂಗೆ ಕೇಳಿಸ್ತಿಲ್ಲಪ್ಪಾ," ಎಂದಳು. ಕೊನೆಯ ಅಕ್ಷರ ನಡುಗಿತು.

"ಹೀಗೆ ಅಳ್ತಾ ಹೇಳಿದ್ರೆ ನಾನು ನಿನ್ನ ಸಮಾಧಾನ ಮಾಡ್ತಾ ಕೂರಬೇಕಾಗುತ್ತೆ. ಬಸ್ಸಲ್ಲಿ ಬಾಗಿಲ ಹತ್ರ ನಿಂತೋರಿಗೆ ಹೇಳ್ತೀಯಲ್ಲ, ಹಾಗೆ ಹೇಳೇ."

"ನಂಗೆ ಕೇಳಿಸ್ತಿಲ್ಲಪ್ಪಾ! ಒಳಗೆ ಬನ್ನಿ!" ಎಂದಳು ಮಗಳು, ಗೋಡೆ ಅದುರುವ ಹಾಗೆ. ಸಮಿತಿಯ ಕೋಣೆಯ ಬಾಗಿಲು ತೆರೆದು ಅಧ್ಯಕ್ಷರು ಇಣುಕಿದರು, ಕನ್ನಡಕ ಹಣೆಯ ಮೇಲೆಯೇ ಇತ್ತು. ಅಪ್ಪ ಮಗಳು ಇಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಅಧ್ಯಕ್ಷರು ಏನೂ ಅರ್ಥವಾಗದೆ ಬಾಗಿಲು ಮುಚ್ಚಿಕೊಂಡರು.

ನಗು ಇಳಿದ ಮೇಲೆ ಮಗಳು ಕಾಗದವನ್ನು ತೊಡೆಯ ಮೇಲಿಟ್ಟು, ಪೆನ್ನಿಗಾಗಿ ಬ್ಯಾಗಿನ ತಳದವರೆಗೂ ಕೈ ಹಾಕಿದಳು.